ಫೋಕಸ್

ಲ್ಯಾಟಿನ್ ಭಾಷೆಯಲ್ಲಿ ಫೋಕಸ್ ಎಂದರೆ ಮನೆಯ ಒಲೆ. ಇಟಾಲಿಯನ್ನಿನ ಫುವೊಕೊ, ಸ್ಪ್ಯಾನಿಷ್‌ನ ಫುಯೆಗೊ ಇದರ ಮಕ್ಕಳೇ. ಅಲ್ಲಿ ಒಲೆ ಹೋಗಿ ಬೆಂಕಿಯಷ್ಟೇ ಉಳಿಯಿತು. 1604ರಲ್ಲಿ ಕೆಪ್ಲರ್ ಈ ಪದವನ್ನು ಜ್ಯಾಮಿತಿಗೆ ತಂದ. ಮಸೂರ ಬಿಸಿಲನ್ನು ಒಟ್ಟುಗೂಡಿಸಿ ಸುಡುವ ಜಾಗ ಅವನ ಮನಸ್ಸಿನಲ್ಲಿದ್ದಿರಬೇಕು. ನಮ್ಮ ಪಠ್ಯಪುಸ್ತಕಗಳಲ್ಲಿ ಅದು ದೀರ್ಘವೃತ್ತಕ್ಕೆ ನಾಭಿ, ಮಸೂರಕ್ಕೆ ಸಂಗಮಬಿಂದು. ‘ಓದಿನ ಮೇಲೆ ಫೋಕಸ್ ಮಾಡು’ ಎನ್ನುವ ಅಪ್ಪಂದಿರಿಗೆ ಇವೆರಡೂ ಬೇಕಿಲ್ಲ.

ಕಂಪ್ಯೂಟರಿನಲ್ಲಿ ಅರ್ಥ ಇನ್ನೂ ಕಿರಿದು. ಪರದೆಯ ಮೇಲೆ ಹತ್ತು ವಿಂಡೋ ತೆರೆದಿದ್ದರೂ ಕೀಬೋರ್ಡ್ ಒಂದೇ. ಒತ್ತಿದ ಅಕ್ಷರ ಯಾವ ವಿಂಡೋಗೆ ಸೇರುತ್ತದೋ ಅದಕ್ಕೆ ಫೋಕಸ್ ಇದೆ ಎನ್ನುತ್ತಾರೆ. ವಿಂಡೋಸ್, ಮ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಕ್ಲಿಕ್ ಮಾಡಿದ ವಿಂಡೋಗೆ ಅದು ಸಿಗುತ್ತದೆ. ಆಲ್ಟ್-ಟ್ಯಾಬ್‌ನಂಥ ಕೀಲಿಗಳಿಂದಲೂ ದಾಟಿಸಬಹುದು. ಯುನಿಕ್ಸ್ ಬಳಗದ ಎಕ್ಸ್ ವಿಂಡೋದಲ್ಲಿ ಮೌಸ್ ಬಾಣ ಹೋದಲ್ಲೆಲ್ಲ ಫೋಕಸ್ ಹಿಂಬಾಲಿಸುವಂತೆಯೂ ಇಟ್ಟುಕೊಳ್ಳಬಹುದು. ರೂಢಿಯಾದವರಿಗೆ ಇದೇ ಸಲೀಸು. ಮೌಸಿಗೆ ಮೊಣಕೈ ತಗುಲಿದರೆ ಮಾತ್ರ ಕಥೆ ಬೇರೆ.

ಇದರ ಬೆನ್ನಿಗೇ ‘ಫೋಕಸ್ ಕದಿಯುವುದು’ ಎಂಬ ಮಾತೂ ಹುಟ್ಟಿತು. ಪಾಸ್‌ವರ್ಡ್ ಟೈಪ್ ಮಾಡುವಾಗ ಚಾಟ್ ವಿಂಡೋ ಮುಂದೆ ಹಾರಿ ಅದರಲ್ಲಿ ಅರ್ಧ ನುಂಗಿದರೆ ಕಳ್ಳತನವೆನ್ನದೆ ಏನೆನ್ನಬೇಕು? ವಿಂಡೋಸ್ 98ರಿಂದ ಈಚೆಗೆ ಇದಕ್ಕೆ ಕಡಿವಾಣವಿದೆ: ಗಮನ ಬೇಡುವ ಪ್ರೋಗ್ರಾಂ ಮುಂದೆ ನುಗ್ಗುವ ಬದಲು ಟಾಸ್ಕ್‌ಬಾರಿನಲ್ಲಿ ಮಿನುಗುತ್ತದೆ. ಲಿನಕ್ಸಿನ ಕೆಡಿಇ ಡೆಸ್ಕ್‌ಟಾಪಿನಲ್ಲಂತೂ ತಡೆ ಎಷ್ಟು ಬಿಗಿಯಿರಬೇಕೆಂದು ನಾವೇ ಆರಿಸಬಹುದು. ತೀರಾ ಬಿಗಿ ಮಾಡಿದರೆ ಆಗಷ್ಟೇ ತೆರೆದ ವಿಂಡೋಗೂ ಮತ್ತೆ ಕ್ಲಿಕ್ ಮಾಡಿಯೇ ಫೋಕಸ್ ಕೊಡಬೇಕು.