ಬೆನ್ನುಹುರಿಯ ಗಾಯವೂ ಅದರ ತರತಮವೂ

ಮೆಣಸು ಕೊಯ್ಯುವ ಕಾಲದಲ್ಲಿ ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟಗಳಲ್ಲಿ ಸಿಲ್ವರ್ ಮರಗಳಿಗೆ ಏಣಿಯಾನಿಸಿ ಏರುವವರನ್ನು ವಾಚಕರು ಕಂಡೇ ಇರುವರು. ಏಣಿ ಜಾರಿ ಬಿದ್ದವನ ಬೆನ್ನುಹುರಿಗೆ ಪೆಟ್ಟಾದರೆ ಮನೆಯವರು ಕೇಳುವ ಪ್ರಶ್ನೆ ಎರಡೇ: ಜೀವ ಉಳಿಯುವುದೇ? ಕಾಲು ಬರುವುದೇ? ಎರಡನೆಯದಕ್ಕೆ ಉತ್ತರ ಹೇಳುವ ಕ್ರಮವು ಬೆಳೆದುಬಂದ ಬಗೆಯು ತಿಳಿಯತಕ್ಕದ್ದಾಗಿದೆ.

ಎಡ್ವಿನ್ ಸ್ಮಿತ್ ಎಂಬಾತನು 1862ರಲ್ಲಿ ಕೊಂಡುದರಿಂದ ಅವನ ಹೆಸರೇ ಅಂಟಿಕೊಂಡ ಐಗುಪ್ತದ ವೈದ್ಯಲೇಖವೊಂದುಂಟು; ಕ್ರಿ.ಪೂ. 1600ರ ಸುಮಾರಿನ ಪ್ರತಿ. ಕತ್ತಿನ ಎಲುಬು ತಪ್ಪಿ ಕೈಕಾಲುಗಳ ಅರಿವು ಹೋದವನಿಗೆ ಚಿಕಿತ್ಸೆಯೇ ಇಲ್ಲವೆಂದು ಅದು ಕೈಬಿಡುತ್ತದೆ. ನಮ್ಮ ಸುಶ್ರುತಾಚಾರ್ಯನು ಇನ್ನೂ ಸೂಕ್ಷ್ಮವಾಗಿ ವಿಂಗಡಿಸಿದನು. 107 ಮರ್ಮಗಳನ್ನು ಅವುಗಳ ಆಘಾತದಿಂದಾಗುವ ಫಲವನ್ನನುಸರಿಸಿ ಐದು ವರ್ಗಗಳನ್ನಾಗಿಸಿ, ಬೆನ್ನೆಲುಬಿನ ಎರಡು ಪಕ್ಕಗಳಲ್ಲಿರುವ ಕುಕುಂದರ ಮರ್ಮಗಳಿಗೆ ಪೆಟ್ಟಾದರೆ ದೇಹದ ಕೆಳಭಾಗದಲ್ಲಿ ಸ್ಪರ್ಶಜ್ಞಾನವೂ ಚೇಷ್ಟೆಯೂ ನಷ್ಟವಾಗುವುವೆಂದು ಹೇಳಿ, ಅವನ್ನು ಪ್ರಾಣಹರವೆನ್ನದೆ ವೈಕಲ್ಯಕರದಲ್ಲಿ ಸೇರಿಸಿದ್ದಾನೆ. ಸ್ಪರ್ಶ, ಚೇಷ್ಟೆಗಳನ್ನು ಬೇರೆಬೇರೆಯಾಗಿ ಎಣಿಸಿದ್ದೇ ಇಲ್ಲಿಯ ಹೆಚ್ಚಳ. ಆದರೆ ಆತನು ಹೇಳಿದ್ದು ಮರ್ಮವನ್ನು, ಹುರಿಯನ್ನಲ್ಲ. ಈಗಿನ ಶಾಸ್ತ್ರವೆಲ್ಲವೂ ಅಲ್ಲಿಯೇ ಇದೆಯೆಂಬುದು ಅತಿಮಾತಾದೀತು.

ಮೊದಲನೆಯ ಮಹಾಯುದ್ಧದವರೆಗೂ ಇಂಥ ಗಾಯಾಳುಗಳಲ್ಲಿ ಬಹುಮಂದಿ ಹಾಸಿಗೆಹುಣ್ಣಿನಿಂದಲೂ ಮೂತ್ರದ ಸೋಂಕಿನಿಂದಲೂ ಸಾಯುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಪಂಡಿತನು ಇವರಿಗಾಗಿಯೇ ವಿಭಾಗವನ್ನು ತೆರೆದ ಮೇಲೆ ಬದುಕುವವರು ಹೆಚ್ಚಿದರು. ಬದುಕಿದವರಲ್ಲಿ ಸುಧಾರಣೆಯನ್ನು ಅಳೆಯಬೇಕಷ್ಟೆ. 1969ರಲ್ಲಿ ಅಲ್ಲಿಯ ಫ್ರಾಂಕೆಲ್ ಮತ್ತು ಸಂಗಡಿಗರು 682 ರೋಗಿಗಳ ವಿವರವನ್ನು ಪ್ರಕಟಿಸಿ, 'ಎ'ಯಿಂದ 'ಇ'ವರೆಗೆ ಐದು ದರ್ಜೆಗಳನ್ನು ಮಾಡಿದರು: ಏನೂ ಉಳಿಯದ್ದು, ಅರಿವು ಮಾತ್ರ ಉಳಿದದ್ದು, ಉಪಯೋಗಕ್ಕೆ ಬಾರದ ಚಲನೆ, ಉಪಯೋಗವುಳ್ಳ ಚಲನೆ, ಗುಣವಾದದ್ದು. ಉಪಯೋಗವೆಂದರೆ ಎಷ್ಟು? ಅದು ನೋಡುವವನ ಅಭಿಪ್ರಾಯಕ್ಕೆ ಬಿಟ್ಟದ್ದಾಗಿತ್ತು.

ಅಮೆರಿಕದ ಬೆನ್ನುಹುರಿ ಗಾಯದ ಸಂಘವು 1982ರಲ್ಲಿ ನಿಯಮಗಳನ್ನು ಮಾಡಿ, 1992ರಲ್ಲಿ ತಿದ್ದಿತು. ಒಂದೊಂದು ಪಾರ್ಶ್ವದಲ್ಲಿ 28 ಎಡೆಗಳಲ್ಲಿ ಸ್ಪರ್ಶವನ್ನೂ ಸೂಜಿಯ ಚುಚ್ಚನ್ನೂ, 10 ಸ್ನಾಯುಗಳಲ್ಲಿ 0ಯಿಂದ 5ರವರೆಗೆ ಬಲವನ್ನೂ ಪರೀಕ್ಷಿಸತಕ್ಕದ್ದು. ಹುರಿಯ ಕಟ್ಟಕಡೆಯ ನರಗಳಿಗೆ ಸೇರಿದ ಗುದಪ್ರದೇಶದಲ್ಲಿ ಅರಿವಾಗಲಿ ಚಲನೆಯಾಗಲಿ ಇಲ್ಲದಿದ್ದರೆ ಮಾತ್ರ ಗಾಯವು 'ಪೂರ್ಣ', ಅಂದರೆ 'ಎ' ದರ್ಜೆ. ಕಾಲುಗಳೆರಡೂ ಸತ್ತಂತಿದ್ದು ಅಲ್ಲಿ ಬೆರಳಿನ ಸ್ಪರ್ಶ ತಿಳಿದರೆ ಆತನು 'ಎ' ಅಲ್ಲ. ಅವನ ಆಶೆಯು ಬಹಳ ಹೆಚ್ಚು. ಸಂಕೋಚದಿಂದಲೋ ಅವಸರದಿಂದಲೋ ಈ ಒಂದು ಪರೀಕ್ಷೆಯನ್ನು ಬಿಟ್ಟರೆ ಮನೆಯವರಿಗೆ ಸುಳ್ಳು ತೀರ್ಪು ಸಿಕ್ಕಂತಾಗುವುದು. ಮೊದಲ ದಿನಗಳಲ್ಲಿ ಹುರಿಯು ಸ್ತಬ್ಧವಾಗಿ ಮೋಸಗೊಳಿಸುವುದೂ ಉಂಟು. ಆದುದರಿಂದ 72 ಗಂಟೆಗಳಾದ ಮೇಲೆ ಮತ್ತೊಮ್ಮೆ ನೋಡುವರು.

ನಮ್ಮ ಕಡೆ ಬಿದ್ದವನನ್ನು ಕೈಕಾಲು ಹಿಡಿದೆತ್ತಿ ಜೀಪಿನಲ್ಲಿ ಮುದುರಿ ಕೂರಿಸುವುದುಂಟು. ಕತ್ತು ಬೆನ್ನು ಅಲುಗದಂತೆ ಹಲಗೆಯ ಮೇಲೆ ಮಲಗಿಸಿ ಒಯ್ಯಬೇಕು. ಮರದ ಬುಡದಲ್ಲಿ ಅಪೂರ್ಣವಾಗಿದ್ದ ಗಾಯವು ಹಾಸನವನ್ನು ಮುಟ್ಟುವಷ್ಟರಲ್ಲಿ ಪೂರ್ಣವಾಗಬಹುದು.