ಪರೇಲಿನ ರೈಲ್ವೆ ಕಾರ್ಖಾನೆಗಳು ಮತ್ತು ಸರ್ಕಾರಿ ನೌಕರರ ರಾಜಕೀಯ ನಿಷೇಧ

ಮುಂಬಯಿಯ ಪರೇಲ್ ಎಂದೊಡನೆ ಬಟ್ಟೆ ಗಿರಣಿಗಳು ನೆನಪಾಗುವುದು ಸಹಜವಾದರೂ, ಸರ್ಕಾರಿ ನೌಕರರು ಪಕ್ಷರಾಜಕೀಯದಿಂದ ದೂರವಿರಬೇಕೆಂಬ ನಿಯಮದ ಚರಿತ್ರೆಯನ್ನು ಅರಿಯಲು ಅಲ್ಲಿನ ಎರಡು ರೈಲ್ವೆ ಕಾರ್ಖಾನೆಗಳು ಹೆಚ್ಚು ನೆರವಾಗುತ್ತವೆ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಅಂದರೆ ಜಿಐಪಿ, 1879ರಲ್ಲಿ ಪರೇಲಿನಲ್ಲಿ ತನ್ನ ಕಾರ್ಖಾನೆಯನ್ನು ತೆರೆಯಿತು. ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯ ಕಾರ್ಖಾನೆ ಅದಕ್ಕೂ ಸ್ವಲ್ಪ ಮೊದಲೇ ಲೋವರ್ ಪರೇಲಿನಲ್ಲಿ ನೆಲೆಯೂರಿತ್ತು. ಎರಡೂ ಕಡೆ ಕುಲುಮೆಯ ಮುಂದೆ ಬೆವರು ಸುರಿಸುತ್ತಿದ್ದವರು ಕಂಪನಿಯ ಆಳುಗಳಾಗಿದ್ದರೇ ಹೊರತು ಸರ್ಕಾರದ ನೌಕರರಾಗಿರಲಿಲ್ಲ.

ನಿಯಮ ಹುಟ್ಟಿದ್ದೂ ಇಂಥ ಕಾರ್ಮಿಕರನ್ನು ಗಮನದಲ್ಲಿಟ್ಟುಕೊಂಡಲ್ಲ. 1885ರ ಡಿಸೆಂಬರಿನಲ್ಲಿ ಮುಂಬಯಿಯ ಗೋಕುಲದಾಸ್ ತೇಜಪಾಲ್ ಸಂಸ್ಕೃತ ಪಾಠಶಾಲೆಯಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿದಾಗ ನ್ಯಾಯಾಂಗ ಸೇವೆಯಲ್ಲಿದ್ದ ಮಹಾದೇವ ಗೋವಿಂದ ರಾನಡೆಯವರು ಪ್ರತಿನಿಧಿಯಾಗದೆ, ಕೇವಲ ಹಿತೈಷಿಯಾಗಿ ಹಾಜರಿದ್ದರು. 1890ರ ಕಲ್ಕತ್ತೆಯ ಅಧಿವೇಶನದ ಹೊತ್ತಿಗೆ ಆ ಸಡಿಲಿಕೆಯೂ ಉಳಿಯಲಿಲ್ಲ; ಅಧಿಕಾರಿಗಳು ಪ್ರೇಕ್ಷಕರಾಗಿ ಹೋಗುವುದೂ ಉಚಿತವಲ್ಲವೆಂದು ಬಂಗಾಳ ಸರ್ಕಾರ ಸುತ್ತೋಲೆ ಹೊರಡಿಸಿ, ವೈಸರಾಯ್ ಲ್ಯಾನ್ಸ್‌ಡೌನ್ ಅವರ ಕಚೇರಿಯೇ ಅದಕ್ಕೆ ವಿವರಣೆ ಕೊಡಬೇಕಾಗಿ ಬಂತು. ಹೀಗೆ ಆಡಳಿತ ನಡೆಸುವವರನ್ನು ಕುರಿತು ಮೂಡಿದ ಕಟ್ಟಳೆ, ಮುಂದೆ ‘ನಡತೆ ನಿಯಮ’ಗಳ ರೂಪ ತಾಳಿ, ಸರ್ಕಾರಿ ಸಂಬಳ ಪಡೆಯುವ ಎಲ್ಲರತ್ತಲೂ ಹರಡಿತು.

ಪರೇಲಿಗೆ ಅದು ಬಂದದ್ದು ಆಡಳಿತದ ಕೈಬದಲಾವಣೆಯ ಮೂಲಕ. 1925ರ ಜುಲೈ 1ರಂದು ಜಿಐಪಿಯ ಆಡಳಿತವನ್ನು ಸರ್ಕಾರ ನೇರವಾಗಿ ವಹಿಸಿಕೊಂಡಾಗ ಪರೇಲ್ ಕಾರ್ಖಾನೆಯವರು ಸರ್ಕಾರಿ ನೌಕರರ ಸಾಲಿಗೆ ಸೇರಿದರೆ, ಕೂಗಳತೆಯಲ್ಲಿದ್ದ ಲೋವರ್ ಪರೇಲಿನವರು 1942ರ ಆರಂಭದವರೆಗೂ ಕಂಪನಿಯ ಕೆಳಗೇ ಇದ್ದರು. ಅದೇ ಕಾಲಕ್ಕೆ ಪರೇಲ್ ಕಾರ್ಮಿಕ ರಾಜಕೀಯದ ಕೇಂದ್ರವೂ ಆಗಿದ್ದು, ಬಟ್ಟೆ ಗಿರಣಿ ಕಾರ್ಮಿಕರ ಸಂಘವಾದ ಗಿರಣಿ ಕಾಮಗಾರ್ ಯೂನಿಯನ್ ಅಲ್ಲಿನ ದಳವಿ ಬಿಲ್ಡಿಂಗಿನಿಂದ ಕೆಲಸ ಮಾಡುತ್ತಿತ್ತು. 1930ರ ಫೆಬ್ರವರಿಯಲ್ಲಿ ಜಿಐಪಿ ನೌಕರರು ಮುಷ್ಕರ ಹೂಡಿದರು. ಏಪ್ರಿಲ್ 6ರಂದು ಗಾಂಧೀಜಿ ದಂಡಿಯಲ್ಲಿ ಉಪ್ಪಿನ ಕಾನೂನು ಮುರಿದ ದಿನವೇ ಜಿಐಪಿ ನೌಕರರ ಸಂಘದವರು ಉತ್ತರ ಮುಂಬಯಿಯ ಉಪನಗರ ನಿಲ್ದಾಣಗಳಿಗೆ ತಂಡತಂಡವಾಗಿ ಹೋಗಿ, ಮುಂದೆ ಕೆಂಪು ಬಾವುಟ ನೆಟ್ಟು, ಹಳಿಗಳ ಮೇಲೆ ಅಡ್ಡಬಿದ್ದರು. ಹಳಿ ತೆರವುಗೊಳಿಸಲು ಪೊಲೀಸರು ಗುಂಡು ಹಾರಿಸಿದರು. ಕೂಲಿಯ ಜಗಳ ಎಲ್ಲಿ ಮುಗಿದು ರಾಜಕೀಯ ಎಲ್ಲಿ ಶುರುವಾಯಿತೆಂದು ಗೆರೆ ಎಳೆಯುವುದು ಆಗಲೇ ಅಸಾಧ್ಯವಾಗಿತ್ತು.

ಸ್ವಾತಂತ್ರ್ಯಾನಂತರ ನಿಯಮ ಇನ್ನಷ್ಟು ಬಿಗಿಯಾಯಿತು. ವಿಧ್ವಂಸಕ ಚಟುವಟಿಕೆಯ ಶಂಕೆಯ ಮೇಲೆ ರೈಲ್ವೆ ನೌಕರರ ಸೇವೆಯನ್ನು ಕೊನೆಗೊಳಿಸಲು 1949ರಲ್ಲಿ ರಾಷ್ಟ್ರೀಯ ಭದ್ರತೆಯ ಹೆಸರಿನ ನಿಯಮಗಳು ಬಂದವು. ಕಮ್ಯುನಿಸ್ಟ್ ನಂಟಿನ ಆರೋಪ ಹೊತ್ತ ನೌಕರರು ಹೂಡಿದ ಬಾಲಕೋಟಯ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅವರಿಗೆ ಪರಿಹಾರ ಕೊಡಲಿಲ್ಲ. ಮುಂಬಯಿಯ ಲೆಕ್ಕಪತ್ರ ಇಲಾಖೆಯ ನೌಕರ ಸಂಘದ ಕಾರ್ಯದರ್ಶಿ ಇ.ಎಕ್ಸ್. ಜೋಸೆಫ್ ಅವರ ಪ್ರಕರಣದಲ್ಲಿ ಮಾತ್ರ 1962ರಲ್ಲಿ ಅದೇ ನ್ಯಾಯಾಲಯ, ಮುಷ್ಕರದ ನಿಷೇಧವನ್ನು ಉಳಿಸಿಕೊಂಡೇ, ಶಾಂತಿಯುತ ಪ್ರದರ್ಶನದ ಮೇಲಿನ ಸಾರಾಸಗಟು ನಿಷೇಧವನ್ನೂ ಮಾನ್ಯತೆಯಿಲ್ಲದ ಸಂಘಕ್ಕೆ ಸೇರಬಾರದೆಂಬ ನಿಯಮವನ್ನೂ ರದ್ದುಪಡಿಸಿತು. 1966ರ ರೈಲ್ವೆ ಸೇವಾ ನಡತೆ ನಿಯಮಗಳ ಐದನೆಯ ನಿಯಮ ಎಷ್ಟು ಸೂಕ್ಷ್ಮವೆಂದರೆ, ನೌಕರನು ಪಕ್ಷದ ಸದಸ್ಯನಾಗಬಾರದು, ವಂತಿಗೆ ಕೊಡಬಾರದು, ಮತ ಯಾರಿಗೆಂದು ಸೂಚಿಸಬಾರದು ಎಂಬುದರ ಜೊತೆಗೆ, ಮೈಮೇಲಾಗಲಿ ವಾಹನದ ಮೇಲಾಗಲಿ ಮನೆಯ ಮೇಲಾಗಲಿ ಚುನಾವಣಾ ಚಿಹ್ನೆ ಪ್ರದರ್ಶಿಸಿದರೆ ಅದೂ ಪ್ರಭಾವ ಬೀರಿದಂತೆಯೇ ಎಂದು ಅದು ಹೇಳುತ್ತದೆ. ಗೋಡೆಗೋಡೆಗೂ ಪಕ್ಷದ ಬರಹವಿದ್ದ ಪರೇಲಿನಂಥ ಕಡೆ ಇದನ್ನು ಅಕ್ಷರಶಃ ಪಾಲಿಸುವುದು ಸುಲಭವಾಗಿರಲಿಲ್ಲ.

ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯ ಕಾರ್ಮಿಕ ಚಳವಳಿಯಲ್ಲಿ ಬೆಳೆದ ಜಾರ್ಜ್ ಫರ್ನಾಂಡಿಸ್ 1974ರ ಮೇ 8ರಂದು ಆರಂಭವಾದ ಅಖಿಲ ಭಾರತ ರೈಲ್ವೆ ಮುಷ್ಕರದ ನಾಯಕರಾಗಿದ್ದರು. ಬೋನಸ್ ಮತ್ತು ಕೆಲಸದ ಅವಧಿಯ ಬೇಡಿಕೆಗಳಿಗಾಗಿ ನಡೆದ ಈ ಹೋರಾಟವನ್ನು ಸರ್ಕಾರ ರಾಜಕೀಯ ಪಿತೂರಿಯೆಂದು ಬಗೆದು, ಸಾವಿರಾರು ಮಂದಿಯನ್ನು ಸೆರೆಗೆ ತಳ್ಳಿ, ವಿಚಾರಣೆಯಿಲ್ಲದೆ ವಜಾ ಮಾಡಲು ಅವಕಾಶವಿದ್ದ 14(2)ನೆಯ ಶಿಸ್ತು ನಿಯಮವನ್ನು ಬಳಸಿತು. ವಜಾಗೊಂಡವರಲ್ಲಿ ಹಲವರು ಕೆಲಸಕ್ಕೆ ಮರಳಲು 1977ರಲ್ಲಿ ಮಧು ದಂಡವತೆಯವರು ರೈಲ್ವೆ ಸಚಿವರಾಗುವವರೆಗೆ ಕಾಯಬೇಕಾಯಿತು.

ಇದೇ ಅವಧಿಯಲ್ಲಿ ದೇಶ ಕಂಡ ಇನ್ನೊಂದು ಪ್ರಕರಣದ ಗತಿ ಬೇರೆ. ಸರ್ಕಾರಿ ನೌಕರನ ನೆರವಿನಿಂದ ಚುನಾವಣಾ ಲಾಭ ಪಡೆಯುವುದನ್ನು 1951ರ ಜನಪ್ರತಿನಿಧಿ ಕಾಯ್ದೆಯ 123(7)ನೆಯ ಕಲಮು ‘ಭ್ರಷ್ಟ ಆಚರಣೆ’ ಎನ್ನುತ್ತದೆ. ಪ್ರಧಾನಿಯ ಸಚಿವಾಲಯದ ಅಧಿಕಾರಿ ಯಶಪಾಲ್ ಕಪೂರ್ ರಾಜೀನಾಮೆ ಅಧಿಕೃತವಾಗಿ ಪ್ರಕಟವಾಗುವ ಮೊದಲೇ ರಾಯಬರೇಲಿ ಕ್ಷೇತ್ರದಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರ ಪರ ಚುನಾವಣಾ ಕೆಲಸ ಮಾಡಿದರೆಂದು ಅಲಹಾಬಾದ್ ಹೈಕೋರ್ಟು 1975ರ ಜೂನ್ 12ರಂದು ತೀರ್ಪಿತ್ತು ಇಂದಿರಾ ಅವರ ಆಯ್ಕೆಯನ್ನೇ ರದ್ದುಮಾಡಿತು. ಕೆಲವೇ ವಾರಗಳಲ್ಲಿ ಸಂಸತ್ತು ಕಾನೂನನ್ನು ಪೂರ್ವಾನ್ವಯವಾಗುವಂತೆ, ಅಂದರೆ ಹಿಂದಿನ ಘಟನೆಗಳಿಗೂ ಅನ್ವಯಿಸುವಂತೆ ತಿದ್ದಿತು. ತಿದ್ದಿದ ಕಾನೂನಿನ ಆಧಾರದ ಮೇಲೆ ನವೆಂಬರ್ 7ರಂದು ಸುಪ್ರೀಂ ಕೋರ್ಟು ಆಯ್ಕೆಯನ್ನು ಎತ್ತಿಹಿಡಿಯಿತು.

ಅಧಿಕಾರದ ಬಲ ಪಕ್ಷದ ಕೈಸೇರದಂತೆ ತಡೆಯುವುದೇ ಈ ನಿಷೇಧದ ನ್ಯಾಯವಾದ ಉದ್ದೇಶ. ಆ ಅಳತೆಗೋಲಿನಿಂದ ನೋಡಿದರೆ ಮತದಾರನನ್ನು ಮಣಿಸುವ ಯಾವ ಅಧಿಕಾರವೂ ಇಲ್ಲದ ಪರೇಲಿನ ಫಿಟ್ಟರನ ಮೇಲೆ ನಿಯಮ ಬಿಗಿಯಾಗಿ ಬಿತ್ತು, ಅಧಿಕಾರದ ಒಳಮನೆಯಲ್ಲಿದ್ದವರ ಬಳಿ ಬಂದಾಗ ನಿಯಮವೇ ಬಾಗಿತು. ತಟಸ್ಥತೆಯ ಹೊಣೆ ಹುದ್ದೆಯ ಅಧಿಕಾರಕ್ಕೆ ತಕ್ಕಂತೆ ಹೆಚ್ಚಬೇಕೇ ಹೊರತು, ಸಂಬಳ ಇಳಿದಂತೆ ಹೆಚ್ಚಬಾರದು.