ಬರಗಾಲ ತೋರಿಸಿಕೊಟ್ಟ ಗೋರಿಗಳು

ದಕ್ಷಿಣ ಇಂಗ್ಲೆಂಡಿನ ಕಂಚಿನ ಯುಗದ ಜನ ಸತ್ತವರಿಗೆ ದಿಬ್ಬ ಕಟ್ಟುತ್ತಿದ್ದ ಬಗೆ ಸರಳವಾದದ್ದು. ಗುಂಡಗೆ ಒಂದು ಕಂದಕ ತೋಡಿ, ಆ ಮಣ್ಣನ್ನು ನಡುವಿನ ಗೋರಿಯ ಮೇಲೆ ಗುಡ್ಡೆ ಹಾಕುವುದು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ವಿಲಿಯಂ ಕನ್ನಿಂಗ್‌ಟನ್ ಮತ್ತು ರಿಚರ್ಡ್ ಕೋಲ್ಟ್ ಹೋರ್ ವಿಲ್ಟ್‌ಶೈರ್ ಸೀಮೆಯಲ್ಲಿ ನಾನೂರಕ್ಕೂ ಹೆಚ್ಚು ದಿಬ್ಬಗಳನ್ನು ಅಗೆಸಿದರು. ನಮ್ಮ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್, ಜೇವರ್ಗಿಯ ಕಡೆಯ ಕಲ್ಲುವೃತ್ತದ ಗೋರಿಗಳನ್ನು ಬ್ರಿಟನ್ನಿನವುಗಳ ಜೊತೆಗಿಟ್ಟು ನೋಡಿದ್ದು ಅದೇ ಶತಮಾನದ ನಡುವೆ. ಇವರೆಲ್ಲರೂ ಕಂಡದ್ದು ನೆಲದ ಮೇಲೆ ಉಳಿದಿದ್ದನ್ನು. ನೇಗಿಲಿಗೆ ಸಿಕ್ಕಿ ಸಪಾಟಾದ ದಿಬ್ಬಗಳು ಯಾರ ಲೆಕ್ಕಕ್ಕೂ ಬಂದಿರಲಿಲ್ಲ.

1906ರಲ್ಲಿ ಸೈನ್ಯದ ಬಲೂನಿನಿಂದ ಸ್ಟೋನ್‌ಹೆಂಜ್‌ನ ಚಿತ್ರ ತೆಗೆದದ್ದುಂಟು. ಆದರೆ ಆಕಾಶದಿಂದ ಹುಡುಕುವುದನ್ನು ಒಂದು ವಿದ್ಯೆಯಾಗಿ ಕಟ್ಟಿದವರು ಒ.ಜಿ.ಎಸ್. ಕ್ರಾಫರ್ಡ್. ಮೊದಲ ಮಹಾಯುದ್ಧದಲ್ಲಿ ವಿಮಾನದಲ್ಲಿ ಕೂತು ಶತ್ರುನೆಲೆ ಗಮನಿಸುವ ಕೆಲಸ ಮಾಡಿದ್ದ ಈತ, 1920ರಲ್ಲಿ ಬ್ರಿಟನ್ನಿನ ಭೂಮಾಪನ ಇಲಾಖೆಯ ಮೊದಲ ಪುರಾತತ್ವ ಅಧಿಕಾರಿಯಾದರು. ವಾಯುಪಡೆ ತರಬೇತಿಗಾಗಿ ತೆಗೆದ ಚಿತ್ರಗಳಲ್ಲಿ ಪ್ರಾಚೀನ ಹೊಲಗಳ ಬದುಗಳನ್ನು ಗುರುತಿಸಿ, 1928ರಲ್ಲಿ ಅಲೆಕ್ಸಾಂಡರ್ ಕೀಲರ್ ಜೊತೆಗೂಡಿ ವೆಸೆಕ್ಸ್ ಪ್ರಾಂತ್ಯದ ವೈಮಾನಿಕ ಚಿತ್ರಗಳ ಪುಸ್ತಕ ತಂದರು.

ಸಪಾಟಾದ ಗೋರಿ ಮೇಲಿನಿಂದ ಕಾಣುವುದಾದರೂ ಹೇಗೆ? ದಿಬ್ಬ ಹೋದರೂ ಕಂದಕ ಹೋಗುವುದಿಲ್ಲ. ಅದು ಮೇಲ್ಮಣ್ಣಿನಿಂದ ತುಂಬಿಕೊಂಡು ನೆಲದಡಿ ಉಳಿಯುತ್ತದೆ. ಸುತ್ತಲಿನ ಸುಣ್ಣದ ನೆಲಕ್ಕಿಂತ ಆ ಮಣ್ಣಿಗೆ ತೇವ ಹಿಡಿಯುವ ಗುಣ ಹೆಚ್ಚು. ಮೇಲೆ ಬಾರ್ಲಿ ಬಿತ್ತಿ ಮಳೆ ಕೈಕೊಟ್ಟರೆ, ಉಳಿದ ಹೊಲ ಹಣ್ಣಾಗಿ ಹಳದಿಗೆ ತಿರುಗಿದಾಗಲೂ ಕಂದಕದ ಮೇಲಿನ ಪೈರು ಎತ್ತರವಾಗಿ ಹಸಿರಾಗಿ ನಿಂತಿರುತ್ತದೆ. ಹೊಲದ ನಡುವೆ ನಿಂತವನಿಗೆ ಒಂದು ಕಡೆ ತೆನೆ ತುಸು ಎತ್ತರ ಎನಿಸೀತು, ಅಷ್ಟೆ. ವಿಮಾನದಿಂದ ನೋಡಿದವನಿಗೆ ಪೂರ್ತಿ ಬಳೆಯೇ ಕಾಣುತ್ತದೆ. ದಿಬ್ಬ ಇನ್ನೂ ಮೊಣಕಾಲೆತ್ತರ ಉಳಿದಿದ್ದರೆ ಇಳಿಬಿಸಿಲಿನ ನೆರಳೇ ಅದನ್ನು ಬಿಟ್ಟುಕೊಡುತ್ತದೆ.

ಸ್ಟೋನ್‌ಹೆಂಜ್ ಬಳಿಯ ಒಂದು ಹೊಲದ ಕಥೆ ಇಡೀ ವಿದ್ಯೆಯ ಶಕ್ತಿಯನ್ನೂ ಮಿತಿಯನ್ನೂ ಹೇಳುತ್ತದೆ. ಅಲ್ಲಿದ್ದ ಗುರುತನ್ನು ಉಳುಮೆಗೆ ಸಿಕ್ಕ ಗೋರಿದಿಬ್ಬವೆಂದೇ ಎಲ್ಲರೂ ನಂಬಿದ್ದರು. 1925ರ ಡಿಸೆಂಬರಿನಲ್ಲಿ ಅದರ ಮೇಲೆ ಹಾರಿದ ಗಿಲ್ಬರ್ಟ್ ಇನ್ಸಾಲ್ ಎಂಬ ವಾಯುಪಡೆಯ ಅಧಿಕಾರಿಗೆ ವೃತ್ತದೊಳಗೆ ಬಿಳಿ ಚುಕ್ಕೆಗಳು ಕಂಡವು. ಮರುಬೇಸಿಗೆಯಲ್ಲಿ ಗೋಧಿ ಬೆಳೆದು ನಿಂತಾಗ ಅನುಮಾನ ಉಳಿಯಲಿಲ್ಲ. ಅವು ಒಂದರೊಳಗೊಂದು ಸುತ್ತಿಕೊಂಡ ಚುಕ್ಕೆಸಾಲುಗಳು. ಪುರಾತತ್ವಜ್ಞೆ ಮಾಡ್ ಕನ್ನಿಂಗ್‌ಟನ್ ಅಗೆಸಿದಾಗ ಸಿಕ್ಕಿದ್ದು ಮರದ ಕಂಬಗಳನ್ನು ನೆಟ್ಟ ಗುಳಿಗಳ ಆರು ವೃತ್ತ. ‘ವುಡ್‌ಹೆಂಜ್’ ಎಂಬ ಹೆಸರು ಆಮೇಲಿನದು. ಮಧ್ಯದಲ್ಲಿ ಒಂದು ಮಗುವಿನ ಗೋರಿಯೂ ಇತ್ತು.

1930ರ ದಶಕದಲ್ಲಿ ಮೇಜರ್ ಜಾರ್ಜ್ ಅಲೆನ್ ಸ್ವಂತ ವಿಮಾನ, ತಾನೇ ಮಾಡಿಕೊಂಡ ಕ್ಯಾಮೆರಾದೊಂದಿಗೆ ಆಕ್ಸ್‌ಫರ್ಡ್ ಸುತ್ತಲಿನ ಥೇಮ್ಸ್ ಬಯಲನ್ನು ಜಾಲಾಡಿದ. ದಿಬ್ಬಗಳೇ ಕಾಣದ ಆ ಗರಸು ನೆಲದಲ್ಲಿ ಬಳೆಗಳು ಸಾಲುಗಟ್ಟಿ ಬಂದವು. ಯುದ್ಧದ ನಂತರ ಕೇಂಬ್ರಿಜ್‌ನ ಸೇಂಟ್ ಜೋಸೆಫ್ ಎಂಬ ವಿದ್ವಾಂಸರು ಇದನ್ನೇ ವಿಶ್ವವಿದ್ಯಾಲಯದ ಖಾಯಂ ಕೆಲಸವಾಗಿಸಿದರು. 1976ರ ಬರಗಾಲ ಬ್ರಿಟನ್ನಿನ ರೈತರಿಗೆ ಕೆಟ್ಟ ವರ್ಷ, ವಿಮಾನದಿಂದ ಹುಡುಕುವವರಿಗೆ ಸುಗ್ಗಿ.

ನನ್ನ ತಕರಾರು ಇರುವುದು ಇಲ್ಲೇ. ಹೀಗೆ ಕಂಡ ಗೋರಿಗಳನ್ನು ಗುರುತಿಸಿದ ನಕ್ಷೆಯಲ್ಲಿ ಚುಕ್ಕೆ ದಟ್ಟವಾಗಿರುವ ಕಡೆ ಸತ್ತವರು ಹೆಚ್ಚಾಗಿದ್ದರೆಂದಲ್ಲ. ಅಲ್ಲಿ ಗರಸು ಮಣ್ಣಿದೆ, ಬಾರ್ಲಿ ಬೆಳೆಯುತ್ತಾರೆ, ಮೇಲೆ ವಿಮಾನ ಹಾರಿದೆ. ಜೇಡಿಮಣ್ಣಿನ ಹುಲ್ಲುಗಾವಲು ಬಾಯಿ ಬಿಡುವುದು ಕಡಿಮೆ. ಇದನ್ನು ಮರೆತು ನಕ್ಷೆಯಿಂದಲೇ ಜನಸಂಖ್ಯೆ ಎಣಿಸಲು ಹೊರಟರೆ ದಾರಿ ತಪ್ಪುವುದು ಖಂಡಿತ. ಪೈರಿನ ಬಳೆಗಳೆಲ್ಲ ಗೋರಿಯೂ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಶೋಧದೀಪ ಇಟ್ಟಿದ್ದ ಜಾಗವೂ ಗುಂಡಗೇ ಕಾಣುತ್ತದೆ.

ಬಹ್ರೇನಿನಲ್ಲಿ ಚಿತ್ರಗಳಿಗೆ ಬೇರೆಯೇ ಬೆಲೆ ಬಂತು. ದಿಲ್ಮುನ್ ಎಂಬ ಪ್ರಾಚೀನ ನಾಗರಿಕತೆಯ ಕಾಲದ ಗೋರಿದಿಬ್ಬಗಳ ಬಯಲನ್ನು ಬಡಾವಣೆಗಳು ನುಂಗಿದವು. ಇಲ್ಲವಾದವುಗಳನ್ನು ಎಣಿಸಲು ಹಳೆಯ ವೈಮಾನಿಕ ಚಿತ್ರಗಳೇ ಗತಿಯಾದವು. 2019ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು 21 ತಾಣಗಳ 11,774 ದಿಬ್ಬಗಳು.

ಕಾಡಿನೊಳಗೆ ಕ್ಯಾಮೆರಾ ಕುರುಡು. ಆ ಕೊರತೆ ತುಂಬಿದ್ದು ಲೈಡಾರ್: ವಿಮಾನದಿಂದ ಬಿಟ್ಟ ಲೇಸರ್ ಕಿರಣಗಳಲ್ಲಿ ಕೆಲವು ಎಲೆಗಳ ಸಂದಿಯಿಂದ ನೆಲ ಮುಟ್ಟಿ ಮರಳುತ್ತವೆ, ಕಂಪ್ಯೂಟರು ಮರಗಳನ್ನು ತೆಗೆದುಹಾಕಿ ಬರಿಯ ನೆಲದ ಉಬ್ಬುತಗ್ಗು ತೋರಿಸುತ್ತದೆ. ನೆದರ್‌ಲೆಂಡ್ಸಿನ ವೆಲುವೆ ಅರಣ್ಯದ ಇಂಥ ಚಿತ್ರಗಳನ್ನು 2019ರಿಂದ ಸಾವಿರಾರು ಸ್ವಯಂಸೇವಕರು ಮನೆಯಲ್ಲೇ ಕೂತು ಪರಿಶೀಲಿಸಿ ದಿಬ್ಬಗಳನ್ನು ಗುರುತಿಸಿದರು. ಈಗ ಯಂತ್ರಗಳಿಗೂ ಈ ಕೆಲಸ ಕಲಿಸುತ್ತಿದ್ದಾರೆ. ಕೊನೆಗೆ ಯಾರಾದರೂ ಕಾಡಿಗೆ ಹೋಗಿ ಕೊರೆಗೊಳವೆ ಇಳಿಸಬೇಕು. ಗುಡ್ಡೆಯ ಕೆಳಗೆ ಹಳೆಯ ನೆಲದ ಪದರ ಸಿಕ್ಕಿ, ಅದರ ಮೇಲೆ ಜನ ಕತ್ತರಿಸಿ ಪೇರಿಸಿದ ಹುಲ್ಲುಹೆಂಟೆಗಳ ಗುರುತಿದ್ದರೆ ಅದು ಗೋರಿ. ಬರೀ ಮರಳು ಬಂದರೆ ಗಾಳಿ ಒಟ್ಟಿದ ಗುಡ್ಡೆ.